ಅವ್ವ ಕೇಳಿದ ಸ್ವೀಡಿಷ್ ಹಾಡು

ಬಟ್ಟೆ ಒಗೆಯುವ ಯಂತ್ರ ಕೊನೆಯ ಸುತ್ತಿಗೆ ಬಂದು ಗಡಗಡ ನಡುಗತೊಡಗಿದಾಗ ನೀವೇನು ಮಾಡುತ್ತೀರೋ ತಿಳಿಯದು. ನಾನು ಮಾತ್ರ ತಲೆ ತೂಗುತ್ತೇನೆ. ಇದು ವಯಸ್ಸಿನ ದೋಷವೆಂದು ಹೆಂಡತಿಯ ಅನುಮಾನ. ಆ ಸದ್ದಿನ ಮೇಲೆ ಈಗ ಯಾರಾದರೂ ಸ್ವೀಡಿಷ್ ಭಾಷೆಯಲ್ಲಿ ಬಡಬಡ ಮಾತಾಡಲು ಶುರುಮಾಡಬೇಕಲ್ಲ ಎಂದು ನನ್ನ ಕಿವಿ ಕಾಯುತ್ತಿರುತ್ತದೆ ಎಂಬುದನ್ನು ಅವಳಿಗೆ ಹೇಗೆ ಹೇಳಲಿ? ಇದಕ್ಕೆಲ್ಲ ಕಾರಣ, ಕೆಲವು ವರ್ಷಗಳ ಹಿಂದೆ ಮರಾಠಿ ಸೀಮೆಯ ಖಡಕಿಯಲ್ಲಿರುವ ನಮ್ಮ ಮನೆಯ ಮಹಡಿಕೋಣೆಯಲ್ಲಿ ಒಂದು ಚಳಿಗಾಲ ಬಾಡಿಗೆಗಿದ್ದ ಸಾಮಿ.

ಸಾಮಿ ಸ್ಟಾಕ್‌ಹೋಮಿನ ಹುಡುಗ. ನಾನು ಗುಮಾಸ್ತನಾಗಿರುವ ಕಾರ್ಖಾನೆಗೆ ತರಬೇತಿಗೆಂದು ಬಂದ ಎಂಜಿನಿಯರ್. ಅವನ ಹೆಸರು ಕೇಳಿ ನಮ್ಮವ್ವ ಕೈಮುಗಿದಳು. "ಇಷ್ಟ ಸಣ್ಣ ವಯಸ್ಸಿಗೇ ಸ್ವಾಮಿಗೋಳಾಗ್ಯಾರೇನು?" ಎಂದಳು. ನಾನು ತಿದ್ದಿದೆ. ತಿದ್ದಿದರೂ ಕೊನೆಯವರೆಗೆ ಅವನು ಅವಳಿಗೆ ಸ್ವಾಮಿಗಳೇ. ಜೋಳದ ರೊಟ್ಟಿಯ ನೈವೇದ್ಯ ಮಹಡಿಗೆ ತಪ್ಪದೆ ಹೋಗುತ್ತಿತ್ತು.

ಸಂಜೆಯಾದರೆ ಸ್ವಾಮಿಗಳು ಹಾಡು ಹಚ್ಚುತ್ತಿದ್ದರು. ಹಾಡೆಂದರೆ ರ‍್ಯಾಪ್. ರೇಡಿಯೋದಲ್ಲಿ ಬರುವಂಥದಲ್ಲ, ಅವನ ಗೆಳೆಯರು ತಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಯವರೂ ಸರದಿಯಂತೆ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಧ್ವನಿಮುದ್ರಿಸಿಕೊಂಡದ್ದು. ಹಿಂದೆ ಯಂತ್ರದ ಗಡಗಡ. ನಡುವೆ ಒಬ್ಬ ಕೆಮ್ಮುತ್ತಾನೆ, ಬಾಗಿಲು ಬಡಿಯುತ್ತದೆ, ಯಾರೋ ಮುದುಕಿ ಬಂದು ಗದರುತ್ತಾಳೆ. ಅದನ್ನೂ ತೆಗೆದುಹಾಕಿಲ್ಲ. ಭಾವಗೀತೆ ಕೇಳಿ ಬೆಳೆದ ನನಗೆ ಮೊದಲ ದಿನ ಹಲ್ಲುನೋವು ಬಂದಂತಾಯಿತು.

ಅವ್ವ ಮೆಟ್ಟಿಲ ಮೇಲೆ ಕುಳಿತು ಮೆಂತ್ಯೆಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿದಳು.

"ಯಾರಿಗೋ ಬೈಲಿಕತ್ತಾನ," ಎಂದಳು. "ಖರೇ ಸಿಟ್ಟು ಅದ. ಆದ್ರ ಬೈಸ್ಕೊಳ್ಳಾಂವ ದೋಸ್ತ ಇದ್ದಾನ."

"ನಿನಗ ಹ್ಯಾಂಗ ಗೊತ್ತಾತು?"

"ಘಳಿಗ್ಗೊಮ್ಮೆ 'ಲೇ' ಅನ್ನಲಿಕತ್ತಾನಲ್ಲೋ."

ಸಾಮಿಯನ್ನು ಕೇಳಿದೆ. ಅವನು ನಕ್ಕುಬಿಟ್ಟ. ಅದು 'ಲೆನ್' ಅಂತೆ. ತುರ್ಕಿಯಿಂದ ಬಂದ ಕುಟುಂಬಗಳ ಮಾತು, ಅವನ ಬಡಾವಣೆಯಲ್ಲಿ ಈಗ ಎಲ್ಲ ಹುಡುಗರೂ ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ. ಊರು ಬಿಟ್ಟುಹೋಗಿ ಫೋನನ್ನೂ ಮಾಡದ ಗೆಳೆಯನೊಬ್ಬನನ್ನು ಬೈಯುವ ಹಾಡದು. ಅವ್ವ ನೂರಕ್ಕೆ ನೂರು ಪಾಸು. ಸಾಮಿಯ ಅಪ್ಪ ಇರಾನಿನಿಂದ ಹೋದವನು. ಪಕ್ಕದ ಮನೆಗಳವರು ಇನ್ನೆಲ್ಲಿಂದಲೋ. ಎಲ್ಲರ ಮನೆಮಾತೂ ಸೇರಿದ ಸ್ವೀಡಿಷ್ ಅವರದು. ಇದು ಸ್ವೀಡಿಷ್ಷೇ ಅಲ್ಲ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರಂತೆ.

ನಾನು ಇದನ್ನು ಹೇಳುತ್ತಿದ್ದಂತೆ ಸೊಪ್ಪು ಬಿಡಿಸುತ್ತಿದ್ದ ಅವ್ವನ ಕೈ ನಿಂತಿತು.

ಯಾಕೆಂದು ಹೇಳಿಬಿಡುತ್ತೇನೆ. ವಿಜಯಪುರದಿಂದ ಖಡಕಿಗೆ ಮದುವೆಯಾಗಿ ಬಂದ ಅವ್ವ ನಮ್ಮ ಕನ್ನಡ ಸಂಘದ ಕೂಟಗಳಲ್ಲಿ ಓಣಿಯ ಕತೆ ಹೇಳಿ ನಗಿಸುವುದರಲ್ಲಿ ಎತ್ತಿದ ಕೈ. ಒಂದು ರಾಜ್ಯೋತ್ಸವದಲ್ಲಿ ಮೈಕು ಹಿಡಿದು, "ನಳಕ್ಕ ನೀರು ಉಶೀರ ಬಂತ್ರಿ, ಅದಕ್ಕ ನಾನೂ ಉಶೀರ ಬಂದೆ" ಎಂದಳು. ತಡವಾಯಿತು ಎನ್ನುವುದಕ್ಕೆ ಮರಾಠಿಯಲ್ಲಿ ಉಶೀರ. ಬೆಂಗಳೂರಿನಿಂದ ಬಂದಿದ್ದ ಅತಿಥಿಗಳು ಬಹಳ ಮೃದುವಾಗಿ, "ತಡ ಅನ್ನಿ ಅಮ್ಮ, ತಡ. ಕನ್ನಡದಲ್ಲೇ ಮಾತಾಡೋಣ" ಎಂದರು. ಸಭೆ ನಕ್ಕಿತು. ಅವ್ವನೂ ನಕ್ಕು ಕೆಳಗಿಳಿದಳು. ಆಮೇಲೆ ವೇದಿಕೆ ಹತ್ತಲೇ ಇಲ್ಲ. ಯಾರು ಕರೆದರೂ ಒಂದೇ ಉತ್ತರ: "ನನಗ ಕನ್ನಡ ಬರೂದಿಲ್ರಿ." ಸಿಟ್ಟು ಬಂದರೆ ಮರಾಠಿ ಕಿರಾಣಿ ಅಂಗಡಿಯವನನ್ನೂ ಕನ್ನಡದಲ್ಲೇ ಬೈಯುವ ಹೆಂಗಸು ಹೇಳುವ ಮಾತೇ ಇದು?

"ಹಂಗಂದ ಮಾಸ್ತರಗ ಈ ಹುಡುಗರು ಏನಂದ್ರು?" ಎಂದು ಕೇಳಿದಳು.

"ಏನೂ ಅನ್ಲಿಲ್ಲ. ಹಾಡು ಕಟ್ಟಿದ್ರು."

ಅವ್ವ ಮತ್ತೆ ಸೊಪ್ಪು ಕೈಗೆತ್ತಿಕೊಂಡಳು. "ಮತ್ತೊಮ್ಮೆ ಹಚ್ಚಂತ ಹೇಳು ಸ್ವಾಮಿಗೋಳಿಗೆ."

ಸಂಕ್ರಮಣದ ಕೂಟದಲ್ಲಿ ಯಾರೂ ಕರೆಯದೆಯೇ ಅವಳು ವೇದಿಕೆ ಹತ್ತಿದಳು. ಹಿಂದಿನ ಸಾಲಿನಲ್ಲಿ ಸಾಮಿ, ಅವನ ಪಕ್ಕ ಬೆವರುತ್ತ ನಾನು. "ನಮಸ್ಕಾರ್ರಿ," ಎಂದಳು. "ಭಾಳ ಉಶೀರಾತು." ಕೆಲವರು ಕಿಸಕ್ಕೆಂದರು. ಅವರ ನಗು ಮುಗಿಯುವವರೆಗೆ ಕಾದು, ನಮ್ಮ ಓಣಿಯ ನಳದ ಜಗಳ ಶುರುಮಾಡಿದಳು. ಸುಬೇದಾರನ ಹೆಂಡತಿ ಹಿಂದಿಯಲ್ಲಿ, ಎದುರು ಮನೆಯ ಮಾವಶಿ ಮರಾಠಿಯಲ್ಲಿ, ತಾನು ತನ್ನದರಲ್ಲಿ. ಒಂದೇ ಉಸಿರು, ಮಾತಿನ ಕೊನೆಗೊಮ್ಮೆ ಮೇಜಿಗೆ ಏಟು. ಆ ಏಟಿಗೆ ಸಾಮಿ ಚಪ್ಪಾಳೆ ಸೇರಿಸಿದ. ಆಮೇಲೆ ಎಲ್ಲರೂ ಸೇರಿಸಿದರು. ಎಲ್ಲರೂ ಅಂದರೆ ಸುಳ್ಳಾದೀತು; ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದರು.

ಕೂಟ ಮುಗಿದ ಮೇಲೆ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಅವ್ವನ ಕೈ ಹಿಡಿದುಕೊಂಡಳು. "ನಮ್ಮಂಗ ಮಾತಾಡ್ತೀರಿ ನೋಡ್ರಿ," ಎಂದಳು. "ಮೈಕಿನ್ಯಾಗ ಹಿಂತಾ ಮಾತು ನಾ ಕೇಳಿದ್ದಿಲ್ಲ." ಅವ್ವ ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಈಗ ಸಂಘದ ಯಾವ ಕಾರ್ಯಕ್ರಮವಿದ್ದರೂ ಮೈಕು ಅವಳಿಂದ ಬಿಡಿಸಿಕೊಳ್ಳುವುದೇ ಕಾರ್ಯದರ್ಶಿಗಳ ದೊಡ್ಡ ಕೆಲಸ.

ಮೊನ್ನೆ ಕಾತ್ರಜದಲ್ಲಿ ಬಸ್ಸು ಹತ್ತಿ ಧಾರವಾಡಕ್ಕೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದವರು ನನ್ನ ಮಾತನ್ನು ಒಂದಿಷ್ಟು ಹೊತ್ತು ಆಲಿಸಿ, "ಇದು ಯಾವ ಊರ ಕನ್ನಡಾರಿ?" ಎಂದು ನಕ್ಕರು. ಹಿಂದೆಲ್ಲ ಇಂಥ ಪ್ರಶ್ನೆಗೆ ನಾನು ಕ್ಷಮೆ ಕೇಳುವವನ ಮುಖ ಮಾಡಿಕೊಂಡು ಅನ್ನ ಕಲೆಸುತ್ತಿದ್ದೆ.

"ಖಡಕೀದ್ರಿ," ಎಂದೆ. ಎಂದು, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.