ಬೂಬಣ್ಣ ಕೀಳದೆ ಬಿಟ್ಟ ಗಂಡು ಗಿಡ

ಬೂಬಣ್ಣನ ಬಗ್ಗೆ ಬರೆಯಲು ಕಾರಣ ಒಂದೇ. ತಾನು ಮಾಡಿದ ತಪ್ಪನ್ನು ಯಾರೂ ಕೇಳುವ ಮೊದಲೇ ಬಾಗಿಲು ತಟ್ಟಿ ಹೇಳಿದವರು ಅವರು. ಹೇಳಿದರೆ ಇದ್ದ ಒಬ್ಬ ಗೆಳೆಯನೂ ದೂರವಾಗಬಹುದಿತ್ತು.

ಡಚ್ ನಾಡಿನ ಡೀಮೆನ್‌ನ ಒಂದು ಇಂಡಿಯನ್ ಹೋಟೆಲಿನಲ್ಲಿ ನಾವಿಬ್ಬರೂ ಅಡುಗೆಯವರು. ಅವರ ಊರು ಕಾರ್ಕಳದ ಹತ್ತಿರ. ಮದುವೆಯಾಗಿಲ್ಲ. ಅಮ್ಮ ತೀರಿಕೊಂಡ ಮೇಲೆ ಊರಿನ ಫೋನೂ ನಿಂತಿತು. ಸೋಮವಾರ ಹೋಟೆಲಿಗೆ ರಜೆ. ಆ ದಿನ ಅವರಿಗೆ ಮಾತಿಗೆ ಸಿಗುತ್ತಿದ್ದುದು ಪಕ್ಕದ ಫ್ಲಾಟಿನ ಹೆಂಕ್ ಮಾತ್ರ. ಹೆಂಕ್ ಟ್ರಾಮ್ ಓಡಿಸಿ ನಿವೃತ್ತರಾದ ಮುದುಕ, ಮಗಳು ದೂರದ ಊರಿನಲ್ಲಿ, ಅವರೂ ಒಂಟಿ. ಎರಡು ಬಾಲ್ಕನಿಗಳ ನಡುವಿನ ತಗಡಿಗೆ ಚಮಚದಿಂದ ಬಡಿದರೆ ಕಾಫಿಗೆ ಬಾ ಎಂದು ಅರ್ಥ. ಒಂದು ಲೋಟ ಕಾಫಿ, ಒಂದು ಬಿಸ್ಕೆಟ್. ಆಮೇಲೆ ಹೆಂಕ್ ಬಿಸ್ಕೆಟ್ ಡಬ್ಬದ ಮುಚ್ಚಳ ಹಾಕಿಬಿಡುತ್ತಿದ್ದರು.

ಹೆಂಕ್‌ಗೆ ಕೀಲು ನೋವು. ಬಾಲ್ಕನಿಯಲ್ಲಿ ಐದು ಗಾಂಜಾ ಗಿಡ ಬೆಳೆಸಿ, ಹೆಣ್ಣು ಗಿಡದ ಹೂವನ್ನು ಚಳಿಗಾಲದಲ್ಲಿ ಕುದಿಸಿ ಕುಡಿದು ಮಲಗುತ್ತಿದ್ದರು. ಮನೆಗೆ ಐದು ಗಿಡವಾದರೆ ಇಲ್ಲಿ ಪೊಲೀಸರು ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಬೇಸಿಗೆಯಲ್ಲಿ ಸೊಂಟದ ಆಪರೇಷನ್‌ಗೆ ಎರಡು ತಿಂಗಳ ಮಟ್ಟಿಗೆ ಹೊರಟಾಗ ಗಿಡಗಳನ್ನು ಬೂಬಣ್ಣನಿಗೆ ಒಪ್ಪಿಸಿದರು. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ನೋಡಬೇಕು. ಕಾಳುಮೆಣಸಿನಂಥ ಗುಂಡು ಮೊಗ್ಗು ಬಂದರೆ ಗಂಡು, ಎರಡು ಬಿಳಿ ಕೂದಲು ಬಂದರೆ ಹೆಣ್ಣು. ಗಂಡು ಕಂಡ ಕೂಡಲೇ ಕಿತ್ತುಹಾಕು ಎಂದಿದ್ದರು.

ಎರಡು ಗಂಡು ಬಂದವು. ಬೂಬಣ್ಣ ಒಂದನ್ನು ಕಿತ್ತರು, ಇನ್ನೊಂದನ್ನು ಬಿಟ್ಟರು.

"ಯಾಕಣ್ಣ, ಎಲ್ಲಾ ಕಿತ್ತಾಕು ಅಂದಿದ್ರಲ್ವಾ ಅವ್ರು?" ಅಂದೆ.

"ನೀನು ಪಪ್ಪಾಯಿ ಮರ ನೋಡಿದ್ದೀಯಾ ಮಾರಾಯ? ಹತ್ತಿರ ಗಂಡು ಇಲ್ಲದಿದ್ರೆ ಹೆಣ್ಣಿನಲ್ಲಿ ಕಾಯಿ ನಿಲ್ಲುದಿಲ್ಲ. ಅಮ್ಮ ಹಿತ್ತಿಲಲ್ಲಿ ಒಂದು ಗಂಡು ಇಟ್ಟೇ ಇರ್ತಿದ್ರು. ಹೆಂಕಿಗೆ ಎಂತ ಗೊತ್ತುಂಟು ಪಾಪ, ಟ್ರಾಮ್ ಬಿಟ್ಟವರು."

ಆದರೆ ಈ ಗಿಡದಲ್ಲಿ ಕಾಯಿ ನಿಲ್ಲಬಾರದು. ಗಂಡು ಹೂವಿನ ಪುಡಿ ಹೆಣ್ಣಿನ ಮೇಲೆ ಹಾರಿ ಕೂತರೆ ಹೂವೆಲ್ಲ ಬೀಜವಾಗುತ್ತದೆ, ಔಷಧಿ ಕಸುವು ಇಳಿಯುತ್ತದೆ. ಹಾಗೇ ಆಯಿತು. ಹೋಟೆಲಿನ ಡಚ್ ಹುಡುಗಿಯೊಬ್ಬಳು ಗಿಡದ ಫೋಟೊ ನೋಡಿ ನಕ್ಕು ಹೇಳಿದಾಗಲೇ ಬೂಬಣ್ಣನಿಗೆ ತಿಳಿದದ್ದು. ಅವತ್ತು ಅವರು ಊಟ ಮಾಡಲಿಲ್ಲ.

ಹೆಂಕ್ ಮನೆಗೆ ಬಂದ ಸಂಜೆ ನನ್ನನ್ನೂ ಕರೆದುಕೊಂಡು ಹೋದರು.

"ಅಣ್ಣ, ಚಳಿಗೆ ಹಿಂಗಾಯ್ತು ಅಂದ್ಬಿಡಿ. ಅವ್ರಿಗೇನ್ ಗೊತ್ತಾಗುತ್ತೆ?"

"ನನಗೆ ಗೊತ್ತುಂಟಲ್ಲ," ಎಂದು ಬೆಲ್ ಒತ್ತಿದರು.

ತನಗೆ ಬರುವ ಅಷ್ಟಿಷ್ಟು ಡಚ್‌ನಲ್ಲೇ ಹೇಳಿ ಮುಗಿಸಿದರು. ಹೆಂಕ್ ನಾವು ತಂದಿದ್ದ ಒಂದು ಹೂವನ್ನು ಬೆರಳಲ್ಲಿ ಹಿಸುಕಿದರು. ಬೀಜ ನೆಲಕ್ಕೆ ಉದುರಿತು.

"ಈ ಚಳಿಗಾಲ ನಾನು ಹೇಗೆ ನಿದ್ದೆ ಮಾಡಲಿ, ಬೂರ್ಮನ್?" ಅಂದರು. ಬೂರ್ಮನ್ ಎಂದರೆ ಪಕ್ಕದ ಮನೆಯವನು. ಅಷ್ಟು ಹೇಳಿ ಬಾಗಿಲು ಹಾಕಿಕೊಂಡರು.

ಮುಂದಿನ ಸೋಮವಾರ ತಗಡು ಸದ್ದು ಮಾಡಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಬೂಬಣ್ಣ ಕುರ್ಚಿಯನ್ನು ಆ ತಗಡಿನ ಹತ್ತಿರ ಎಳೆದುಕೊಂಡು ಕೂರುತ್ತಿದ್ದರು. ಮರಗಳ ಎಲೆ ಉದುರಿದ ಮೇಲೆ ಒಂದು ದಿನ ಚಮಚದ ಸದ್ದು ಬಂತು. ಕಾಫಿ ಹೊತ್ತಲ್ಲಿ ಗಿಡದ ಮಾತೇ ಬರಲಿಲ್ಲವಂತೆ. ಹೊರಡುವಾಗ ಹೆಂಕ್ ಕೇಳಿದ್ದು ಒಂದೇ: "ಆ ಬೀಜ ಇಟ್ಟಿದ್ದೀಯಾ?"

ಇಟ್ಟಿದ್ದರು. ಮರು ಬೇಸಿಗೆ ಅದನ್ನೇ ಬಿತ್ತಿ, ಇಬ್ಬರೂ ಕನ್ನಡಕ ಏರಿಸಿಕೊಂಡು ಎಲೆಯ ಸಂದಿ ನೋಡಿದರು. ಗಂಡು ಒಂದೂ ಉಳಿಯಲಿಲ್ಲ.

ಹೋದ ಚಳಿಗಾಲ ಹೆಂಕ್‌ರನ್ನು ಮಗಳು ತನ್ನ ಊರಾದ ನೈಮೆಗನ್‌ನ ವೃದ್ಧಾಶ್ರಮಕ್ಕೆ ಸೇರಿಸಿದಳು. ಪಕ್ಕದ ಫ್ಲಾಟಿಗೆ ಬಂದವರು ಬಾಲ್ಕನಿಗೆ ಬರುವುದೇ ಇಲ್ಲ. ಬೂಬಣ್ಣ ಉಳಿದಿದ್ದ ಒಂದೇ ಬೀಜ ಹಾಕಿದ್ದರು. ಮೊನ್ನೆ ಹೋದಾಗ ಗಿಡ ಎದೆಯೆತ್ತರ ಬೆಳೆದಿತ್ತು. ಬಗ್ಗಿ ನೋಡಿದೆ, ಸಂದಿಯಲ್ಲಿ ಗುಂಡು ಮೊಗ್ಗು.

"ಗಂಡು ಅಣ್ಣ ಇದು. ಕೀಳಲ್ವಾ?"

"ಹೆಣ್ಣೇ ಇಲ್ಲ ಮಾರಾಯ, ಇದರಿಂದ ಯಾರಿಗೆ ತೊಂದರೆ? ಇರಲಿ," ಎಂದು ನೀರು ಹಾಕಿದರು.

ಈ ಕಡೆ ಬಂದವರು ಸೋಮವಾರ ಅವರನ್ನು ನೋಡಿ ಬನ್ನಿ. ಕೆರೆಯ ಪಕ್ಕದ ಕಟ್ಟಡ, ಮೂರನೇ ಮಹಡಿ. ಫೋನ್ ಮಾಡುವುದು ಬೇಡ, ಬಾಗಿಲು ತಟ್ಟಿ. ತಟ್ಟುವ ಸದ್ದು ಕೇಳಿದರೆ ಓಡಿ ಬರುತ್ತಾರೆ.