ಅಣ್ಣಮ್ಮನವರಿಗೆ ಒಗ್ಗಿದ ಕಾರು

ದೊಮ್ಮಲೂರಿನ ರಾಮಾಂಜಿನಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆರಂತಸ್ತಿನ ಕಚೇರಿ ನಿಂತಿದೆ. ಎತ್ತುಗಳನ್ನು ಮಾರಿ ನಲವತ್ತು ವರ್ಷವಾದರೂ ಎತ್ತು ನೋಡುವ ಕಣ್ಣು ಮಾತ್ರ ಅವರಿಗೆ ಹಾಗೆಯೇ ಉಳಿದಿದೆ.

ಅವರ ಮಡದಿ ಅಣ್ಣಮ್ಮನವರಿಗೆ ಪೆಟ್ರೋಲಿನ ವಾಸನೆ ಬಿದ್ದರೆ ಸಾಕು, ಹೊಟ್ಟೆ ತೊಳಸುತ್ತದೆ. ಮನೆಯ ಹಳೆಯ ಕಾರು ಹಲಸೂರು ದಾಟುವುದರೊಳಗೆ ವಾಂತಿ. ಮೊದಲೆಲ್ಲ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಓಡಾಡುತ್ತಿದ್ದರು. ಮಂಡಿಯ ಆಪರೇಷನ್ ಆದಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾರರು, ಆಟೋದ ಕುಲುಕಾಟವನ್ನು ಬಹಳ ದೂರ ತಡೆಯಲಾರರು. ಹೊಸಕೋಟೆಯಲ್ಲಿರುವ ತಂಗಿ ಪಟಾಲಮ್ಮನನ್ನು ನೋಡಿ ಎರಡು ವರ್ಷವಾಗಿತ್ತು. ಹಸುಗಳನ್ನು ಬಿಟ್ಟು ತಾನೂ ಬರಲಾರದ ಆ ತಂಗಿ ದಿನವೂ ಫೋನಿನಲ್ಲಿ ಚುಚ್ಚುತ್ತಿದ್ದಳು.

"ಮನೆ ಮುಂದೆ ಕಾರು ನಿಲ್ಲಿಸ್ಕೊಂಡಿದೀಯ, ಬಾ ಅಂದ್ರೆ ಮಾತ್ರ ನೂರು ನೆಪ ಹೇಳ್ತೀಯ ಕಣಕ್ಕ!"

ಫೋನು ಇಟ್ಟಮೇಲೆ ಅಣ್ಣಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ರಾಮಾಂಜಿನಪ್ಪನವರು ನೋಡಿದ್ದರು. ಕರೆಂಟಿನ ಕಾರಿಗೆ ಪೆಟ್ರೋಲೇ ಬೇಡವೆಂದು ತಿಳಿದ ದಿನದಿಂದ ಅವರಿಗೆ ಅದೇ ಧ್ಯಾನ. ಆದರೆ ಹೊಸದು ಬೇಡವೆಂದು ಪಕ್ಕದ ಮನೆಯ ಮೇಷ್ಟ್ರಾದ ನನ್ನೊಡನೆ ಹೇಳಿದರು.

"ಪಳಗಿರೋದು ಬೇಕು ಮೇಷ್ಟ್ರೇ. ಹೊಸದು ಹೆಂಗೆ ನಡೆಯುತ್ತೋ ಯಾರಿಗೆ ಗೊತ್ತು?"

ಒಂದು ಶನಿವಾರ ನಾವು ಮೂವರೂ ಶಿವಾಜಿನಗರದಲ್ಲಿ ಹಳೆಯ ಕಾರು ಮಾರುವ ಕರೀಂ ಸಾಹೇಬರಲ್ಲಿಗೆ ಹೋದೆವು. ರಾಮಾಂಜಿನಪ್ಪನವರು ಕರೆಂಟಿನ ಒಂದು ಬಿಳಿಯ ಕಾರಿನ ಸುತ್ತ ಎರಡು ಸಲ ಸುತ್ತಿದರು, ಟೈರು ಒತ್ತಿದರು, ಬೆನ್ನು ತಟ್ಟಿದರು.

"ಎಷ್ಟು ತಿನ್ನುತ್ತೆ, ಎಷ್ಟು ದುಡಿಯುತ್ತೆ?"

"ರಾತ್ರಿ ಚಾರ್ಜಿಗೆ ಹಾಕಿ ಯಜಮಾನ್ರೇ. ಬೆಳಿಗ್ಗೆ ಹೊಸಕೋಟೆಗೆ ಹೋಗಿ ಬಂದ್ರೂ ಅರ್ಧ ಮಿಕ್ಕಿರುತ್ತೆ," ಎಂದು ಕರೀಂ ನಕ್ಕು, ಬ್ಯಾಟರಿ ಪರೀಕ್ಷೆ ಮಾಡಿಸಿದ ಕಾಗದವನ್ನೂ ತೋರಿಸಿದರು.

ಓಡಿಸಿ ನೋಡಲೆಂದು ರಾಮಾಂಜಿನಪ್ಪನವರೇ ಸ್ಟೀರಿಂಗ್ ಹಿಡಿದರು. ಸದ್ದಿಲ್ಲದೆ ಹೊರಟ ಕಾರು ಹಲಸೂರು ಕೆರೆಯ ಬಳಿ ಬಂದಾಗ ಮುಂದಿನ ಸೀಟಿನಲ್ಲಿದ್ದ ಅಣ್ಣಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೈಸನ್ನೆ ಮಾಡಿದರು. ನಿಲ್ಲಿಸುವಷ್ಟರಲ್ಲಿ ಬಾಗಿಲು ತೆರೆದು ವಾಂತಿ ಮಾಡಿಬಿಟ್ಟರು. ರಾಮಾಂಜಿನಪ್ಪನವರ ಮುಖ ಬಾಡಿಹೋಯಿತು.

"ಹೋಗ್ಲಿ ಬಿಡು. ನಿನಗೆ ಕಾರೇ ಆಗ್ಬರಲ್ಲ."

ಅಣ್ಣಮ್ಮನವರು ಬಾಯಿ ಮುಕ್ಕಳಿಸಿ ಹೇಳಿದರು: "ಕಾರೇನು ಮಾಡ್ತು ಪಾಪ? ಒಳಗೆ ಯಾರೋ ಮದುವೆಗೆ ಹೊರಟಂಗೆ ಘಮ್ಮಂತಿದೆಯಲ್ರೀ!"

ಹಿಂದೆ ನನ್ನ ಪಕ್ಕದಲ್ಲಿದ್ದ ಕರೀಂ ನಾಲಿಗೆ ಕಚ್ಚಿಕೊಂಡರು. "ತಪ್ಪಾಯ್ತಮ್ಮಾ. ಗಿರಾಕಿ ಬರ್ತಾರೆ ಅಂತ ಸೀಟಿಗೆಲ್ಲ ನಾನೇ ಅತ್ತರು ಹಚ್ಚಿದ್ದೆ. ಒಳ್ಳೇ ಅತ್ತರು, ನಮ್ಮ ಅಂಗಡಿ ಪದ್ಧತಿ."

"ನಿಮ್ಮ ಮರ್ಯಾದೆ ನನ್ನ ಹೊಟ್ಟೆ ತೊಳೀತು ಸಾಬ್ರೇ," ಎಂದು ಅಣ್ಣಮ್ಮನವರು ನಕ್ಕುಬಿಟ್ಟರು.

ಕರೀಂ ಸೀಟುಗಳನ್ನು ತೊಳೆಸಿ, ನಾಲ್ಕು ಬಾಗಿಲನ್ನೂ ತೆಗೆದಿಟ್ಟು, ಎರಡು ದಿನ ಬಿಸಿಲಿಗೆ ಬಿಟ್ಟರು. ಸೋಮವಾರ ಮತ್ತೆ ಕರೀಮರಲ್ಲಿಗೆ ಹೊರಟಾಗ ರಾಮಾಂಜಿನಪ್ಪನವರು ಮಡದಿಗೆ ಪಾಠ ಹೇಳಿದರು: "ಹಿಡಿಸಿದ್ರೂ ಹಿಡಿಸ್ತು ಅನ್ಬೇಡ. ಮುಖ ಸಪ್ಪಗಿಟ್ಕೋ. ಬೆಲೆ ಇಳಿಸ್ಬೇಕು."

ಈ ಸಲ ಇಂದಿರಾನಗರ ದಾಟಿದೆವು. ಅಣ್ಣಮ್ಮನವರು ಸೆರಗನ್ನು ಮುಖಕ್ಕೆ ತರಲಿಲ್ಲ. ಕೆ.ಆರ್. ಪುರದ ತೂಗುಸೇತುವೆ ಬಂತು. ಅವರು ಅಂಗಡಿಗಳ ಬೋರ್ಡು ಓದುತ್ತಿದ್ದರು. 

ಶಿವಾಜಿನಗರಕ್ಕೆ ಮರಳಿದ ಮೇಲೆ ರಾಮಾಂಜಿನಪ್ಪನವರು ಹೆಗಲ ಟವೆಲನ್ನು ಬಲಗೈ ಮೇಲೆ ಹರಡಿ ಚಾಚಿದರು. ಎತ್ತಿನ ವ್ಯಾಪಾರದ ಕ್ರಮ ಅದು: ಬೆಲೆಯನ್ನು ಬಾಯಲ್ಲಿ ಹೇಳದೆ, ಟವೆಲಿನ ಕೆಳಗೆ ಬೆರಳು ಒತ್ತಿ ತಿಳಿಸುವುದು. ಕರೀಮರ ತಾತನೂ ದನದ ವ್ಯಾಪಾರಿಯಂತೆ. ಸಂತೋಷದಿಂದ ಕೈ ಒಳಗಿಟ್ಟರು. ಇಬ್ಬರ ಹುಬ್ಬುಗಳೂ ಏರಿಳಿಯತೊಡಗಿದವು.

ಅಷ್ಟರಲ್ಲಿ ಕಾರಿನೊಳಗಿನಿಂದ ದೊಡ್ಡ ದನಿ ಬಂತು.

"ರೀ, ಬೇಗ ಮುಗಿಸ್ಕೊಂಡು ಬನ್ನಿ! ನಾನು ಇದರಿಂದ ಇಳಿಯಲ್ಲ. ಪಟಾಲಮ್ಮಂಗೆ ಫೋನ್ ಮಾಡಿಬಿಟ್ಟೆ, ಮುದ್ದೆಗೆ ಎಸರಿಟ್ಟಿದಾಳೆ!"

ಟವೆಲಿನ ಕೆಳಗೆ ಕರೀಮರ ಬೆರಳು ನಿಂತಲ್ಲೇ ನಿಂತಿತು. ರಾಮಾಂಜಿನಪ್ಪನವರು ನಿಟ್ಟುಸಿರು ಬಿಟ್ಟು ಕೈ ಹೊರಗೆ ತೆಗೆದರು.

"ಒಪ್ಪಿದೆ ಸಾಬ್ರೇ, ನೀವು ಹೇಳಿದ್ದೇ ಆಗ್ಲಿ."

"ಕಾಗದಪತ್ರ ನಾಳೆ ಮಾಡೋಣ, ಅಮ್ಮ ಕಾಯ್ತಿದಾರೆ," ಎಂದ ಕರೀಂ ಅಂಗಡಿಯ ಬೀಗ ಹಾಕಿ, ಹಿಂದಿನ ಸೀಟಿನಲ್ಲಿ ನನ್ನನ್ನು ಸ್ವಲ್ಪ ಸರಿಯಲು ಹೇಳಿದರು. "ಮುದ್ದೆಗೆ ಸಾರು ಏನಂತೆ ಮೇಷ್ಟ್ರೇ?"