ಹನ್ನೆರಡು ಮಂದಿಯ ತರಗತಿಯೂ ದಿಲ್ಲಿಯ ಸೀಟೂ

ಮೊದಲ ದಿನ ಮಾಸ್ತರು ಒಳಗೆ ಬಂದಾಗ ನಾನು ಎದ್ದು ನಿಂತೆ. ಬೇರೆ ಯಾರೂ ಏಳಲಿಲ್ಲ. ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ಅವರೇ ತಿರುಗಿ ನೋಡಿದರು! ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ದುಂಡು ಮೇಜು, ಹನ್ನೆರಡು ಮಂದಿ, ಕಿಟಕಿಯಾಚೆ ಹಿಮದ ಪರ್ವತ. ವಿಜಯಪುರದಲ್ಲಿ ಪಿಯುಸಿ ಓದುವಾಗ ಇಷ್ಟು ಜನ ಬಾಗಿಲ ಬಳಿಯೇ ನಿಂತಿರುತ್ತಿದ್ದರು.

ನಾನು ವಿಜಯಪುರ ಜಿಲ್ಲೆಯ ಇಂಡಿ ಊರಿನವಳು. ತತ್ವಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಒಟ್ಟಿಗೆ ಓದಿಸುತ್ತಾರೆಂದು ಉತ್ತರಾಖಂಡದ ಗಢವಾಲ ಬೆಟ್ಟದ ಈ ಸಣ್ಣ ಕಾಲೇಜಿಗೆ ಬಂದೆ. ಹಾಸ್ಟೆಲ್ ಇಲ್ಲ, ಹಳ್ಳಿಯ ಮನೆಗಳಲ್ಲೇ ವಾಸ. ಮನೆಯೊಡತಿ ನನ್ನನ್ನು 'ಭುಲಿ' ಎನ್ನುತ್ತಾರೆ, ಅಂದರೆ ತಂಗಿ. ತಟ್ಟೆಗೆ ಬೀಳುವುದು 'ಮಂಡುವಾ' ರೊಟ್ಟಿ, ಅಂದರೆ ರಾಗಿಯದು. ಜೋಳದ ರೊಟ್ಟಿ ಬಡಿಯುವ ಸಪ್ಪಳವಿಲ್ಲದ ಮುಂಜಾನೆಗೆ ನಾನಿನ್ನೂ ಒಗ್ಗಿಲ್ಲ.

ಬಂದು ತಿಂಗಳಾಗುವ ಮೊದಲೇ ದಿಲ್ಲಿಯ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಶುಕ್ರವಾರದೊಳಗೆ ಒಪ್ಪಬೇಕು, ಇಲ್ಲವೇ ಬಿಡಬೇಕು. ನನಗೆ ಚರ್ಚಾಸ್ಪರ್ಧೆ ಕಲಿಸಿದವರು ಸಿಂದಗಿಯಲ್ಲಿ ಹೈಸ್ಕೂಲ್ ಮಾಸ್ತರರಾಗಿರುವ ನನ್ನ ಕಾಕಾ. ಸುದ್ದಿ ಕೇಳಿ ಫೋನ್ ಮಾಡಿದರು.

"ಸಹನಾ, ಇದರಾಗ ವಿಚಾರ ಮಾಡೂದೇನೈತಿ? ನಿಮ್ಮ ಕಾಲೇಜಿನ ಹೆಸರು ಹೇಳಿದ್ರ, ಅದ್ಯಾವ ಟ್ಯೂಷನ್ ಕ್ಲಾಸು ಅಂತಾರ ಮಂದಿ."

"ಮಂದಿ ಅನ್ನೂದು ವಾದ ಅಲ್ರಿ, ಕಾಕಾ."

"ನನಗ ಕಲಸ್ತೀಯೇನ? ನಿನಗ ಬಾಯಿ ಕೊಟ್ಟಾಂವ ನಾನ!"

ಅವರ ಮಾತಿನಲ್ಲಿ ತಿರುಳಿತ್ತು. ಸಣ್ಣ ತರಗತಿಯೆಂಬುದೇ ಒಂದು ಗುಣವಾದರೆ ನಮ್ಮ ಕಡೆಯ ಏಕೋಪಾಧ್ಯಾಯ ಶಾಲೆಗಳೇ ಲೋಕಶ್ರೇಷ್ಠವಾಗಬೇಕಲ್ಲ? ಹೊರಡುವುದೆಂದು ಮನಸ್ಸಿನಲ್ಲೇ ಚೀಲ ಕಟ್ಟಿದೆ.

ಬುಧವಾರ ತರಗತಿಯಲ್ಲಿ ಅಣೆಕಟ್ಟಿನ ಮಾತು ಬಂತು. ಅಜ್ಜನ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಸಹಪಾಠಿ ಕಮಲಾ ವಿರೋಧಿಸಿದಳು. ನಾನು ಆಲಮಟ್ಟಿಯನ್ನೂ ಕಾಲುವೆಯಿಂದ ಹಸಿರಾದ ಹೊಲಗಳನ್ನೂ ಮುಂದಿಟ್ಟು ಅವಳ ಬಾಯಿ ಮುಚ್ಚಿಸಿದೆ. ಚಪ್ಪಾಳೆಗೆ ಕಾದೆ.

"ಈಗ ಅವಳ ವಾದವನ್ನು ನೀನು ಹೇಳು" ಎಂದರು ಮಾಸ್ತರು. "ಅವಳು ಹೌದೆನ್ನಬೇಕು. ಅಲ್ಲಿಯವರೆಗೆ ನೀನು ಉತ್ತರ ಕೊಟ್ಟಂತಲ್ಲ. ಇಲ್ಲಿಯ ಪದ್ಧತಿ ಇದು."

ಹೇಳಿದೆ. ಕಮಲಾ ತಲೆಯಾಡಿಸಿದಳು: ಅಲ್ಲ. ಮತ್ತೆ ಹೇಳಿದೆ. ಅಲ್ಲ. ಕೊನೆಗೆ, "ನೀರು ಬೇಡ ಎಂದು ನೀನು ಹೇಳಲಿಲ್ಲ. ಊರು ಕಳೆದುಕೊಂಡವರಿಗೆ ಬೇರೆಯವರ ಬೆಳೆ ತೋರಿಸಿ ಸಮಾಧಾನ ಹೇಳಬೇಡಿ ಎಂಬುದು ನಿನ್ನ ಮಾತು" ಎಂದೆ. ಅವಳು ನನ್ನನ್ನೇ ನೋಡುತ್ತ, "ಹೌದು" ಎಂದಳು. ಚರ್ಚಾಸ್ಪರ್ಧೆಗಳಲ್ಲಿ ಅಷ್ಟು ಬಹುಮಾನ ಗೆದ್ದಾಗಲೂ ಆಗದ ಹಿಗ್ಗು ಆ ಒಂದು 'ಹೌದು'ಗೆ ಆಯಿತು. ಮನಸ್ಸಿನಲ್ಲಿ ಕಟ್ಟಿದ್ದ ಚೀಲ ಬಿಚ್ಚಿದೆ.

ಮರುದಿನ ಕಾಕಾಗೆ ಫೋನ್ ಮಾಡಿದೆ.

"ಮೊದಲ ನಿಮ್ಮ ವಾದ ನಾನ ಹೇಳ್ತೇನಿ. ಖರೇ ಇದ್ರ ಹೌದು ಅನ್ರಿ. ದೊಡ್ಡ ಹೆಸರಿದ್ರ ನೌಕರಿ ಸಿಗತೈತಿ."

"ಅದಲ್ಲ."

"ನಾಕು ಮಂದ್ಯಾಗ ಹೇಳ್ಕೊಳ್ಳಾಕ ಛಲೋ."

"ಅದೂ ಅಲ್ಲ, ತಗಿ."

ಮೂರನೆಯ ಸಲ ಹೇಳಿದೆ: "ದಿಲ್ಲ್ಯಾಗ ನಮ್ಮ ಕಡೀ ಮಂದಿ ಅದಾರ. ಇಲ್ಲಿ ನನಗ ಜಡ್ಡಾದ್ರ ಯಾರೂ ಇಲ್ಲ."

ಕಾಕಾ ದನಿ ಇಳಿಸಿದರು. "ಹೂಂ. ಅದಽ."

ಅದಕ್ಕೆ ನನ್ನಲ್ಲಿ ಪ್ರತಿವಾದವಿರಲಿಲ್ಲ. ಆದರೂ, "ಇಲ್ಲೇ ಇರ್ತೇನ್ರಿ" ಎಂದೆ.

"ನಾ ಸೋತೆ ಅಂತ ತಿಳೀಬ್ಯಾಡ."

"ಇಲ್ರಿ ಕಾಕಾ. ನೀವು ಸೋತಿಲ್ಲ."

ಮೊನ್ನೆ ಜ್ವರ ಬಂತು. ಮನೆಯೊಡತಿ ಗಂಜಿ ತಂದು ಹಣೆ ಮುಟ್ಟಿದಾಗ ನನ್ನ ಬಾಯಿಂದ "ಅವ್ವಾ" ಎಂದು ಬಂತು. ಕನ್ನಡದ ಗಂಧವಿಲ್ಲದ ಆಕೆ "ಹಾಂ" ಎಂದು ಓಗೊಟ್ಟರು. ಇಂಡಿಯ ಮನೆಗೂ ಕಾಕಾಗೂ ಹೇಳಿಲ್ಲ. ಕಾಕಾ ನನ್ನ ಈ ಬರಹ ಓದಿಯೇ ತಿಳಿಯುತ್ತಾರೆ, ಆಮೇಲೆ ಫೋನ್ ಬರುತ್ತದೆ. ಮೊದಲು ಆ ಗಂಜಿಯ, ಆ 'ಹಾಂ'ನ ಸುದ್ದಿ ಹೇಳುತ್ತೇನೆ.